‘ಯಾವ ಕೋವಿ ಬೆಸ್ಟ್?’ ಅನ್ನೋ ಪ್ರಶ್ನೆಗೆ ನನ್ನ ಜಗಳದ ಉತ್ತರ

1/10

ಫೋಟೋದಲ್ಲಿರೋದು ನಮ್ಮನೆ ಕೋವಿ. ಕೈಲ್‌ಪೊಳ್ದ್ ದಿನ ತೆಗೆದದ್ದು, ಅದಕ್ಕೇ ನಳಿಗೆಗೆ ತೋಕ್‌ಪೂ ಸಿಕ್ಕಿಸಿದೆ. ಖಾಲಿ ಕೋವಿ. ಫೋಟೋಗೆ ಮೊದಲು ಅಪ್ಪ ಎರಡು ಸಲ ಬಿಚ್ಚಿ ನೋಡಿದ್ರು.

ಇದನ್ನ ಸ್ಟೋರಿಗೆ ಹಾಕಿದ್ದೇ ತಡ, ಕ್ಲಾಸ್ ಗ್ರೂಪಲ್ಲಿ ಶುರುವಾಯ್ತು. ಒಬ್ಬ ಒಂದು ಅಮೆರಿಕನ್ ರೀಲ್ ಕಳಿಸಿದ. ಬಾತುಕೋಳಿ ಬೇಟೆಗೆ ಟಾಪ್ 5 ಶಾಟ್‌ಗನ್ ಅಂತೆ. ಇನ್ನೊಬ್ಬ ಬರೆದ: ‘ಎಲ್ಲಾ ಒಂದೂವರೆ ಲಕ್ಷದ ಮೇಲೇನೇ ಮಗಾ. ಕಮ್ಮಿ ರೇಟಿಂದು ತಗೊಂಡ್ರೆ ಕೈ ಕೊಡುತ್ತೆ.’ ಮೂರನೆಯವನು: ‘ನಿಮ್ಮನೇಲೇ ಇದೆಯಲ್ಲ ಕೋವಿ. ಡಿಸೆಂಬರಲ್ಲಿ ಕೆರೆ ಕಡೆ ಹೋಗೋಣ್ವಾ?’ ಕೆಳಗೆ ಸಾಲುಸಾಲು ನಗೋ ಇಮೋಜಿ.

ನನಗೆ ನಗು ಬರಲಿಲ್ಲ. ಎರಡು ಕಾರಣ.

ಒಂದು, ಆ ರೀಲ್ ಹೇಳಿದ್ದು ಸುಳ್ಳು. ಬಾತು ಬೇಟೆಗೆ ದುಬಾರಿ ಕೋವಿ ಬೇಕಾಗಿಲ್ಲ. ಬೇಟೆ ಕಾನೂನುಬದ್ಧವಾಗಿರೋ ಅಮೆರಿಕದಲ್ಲೇ ಬೇಕಾಗಿಲ್ಲ. ಅಲ್ಲಿ ನೂರಾರು ಡಾಲರಿನ ಸಾದಾ ಪಂಪ್ ಕೋವಿ ಅರವತ್ತು ಎಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೆ.

ಎರಡು, ಆ ಮೂರನೇ ಮೆಸೇಜು. ಅದಕ್ಕೆ ಕೊನೇಲಿ ಬರ್ತೀನಿ.

ನಾನು ಬಿಕಾಂ ಹುಡುಗ, ವಯಸ್ಸು 20. ಕೋವಿ ಎಕ್ಸ್‌ಪರ್ಟ್ ಅಲ್ಲ. 21 ಆಗೋವರೆಗೆ ನಮ್ಮ ದೇಶದಲ್ಲಿ ಕೋವಿ ಕೊಳ್ಳೋ ಹಾಗೂ ಇಲ್ಲ. ಆದ್ರೆ ಕೋವಿ ಇರೋ ಮನೇಲಿ ಬೆಳೆದಿದೀನಿ, ಲೆಕ್ಕ ಹಾಕೋಕೆ ಕಲೀತಿದೀನಿ, ಮತ್ತೆ ಒಬ್ಬ ಅಣ್ಣ ರಾತ್ರಿ ಫೋನ್ ಮಾಡಿ ಹೇಳಿದ ಒಂದು ಕತೆ ನನ್ನ ಹತ್ರ ಇದೆ. ಈ ಮೂರನ್ನೂ ಇಟ್ಕೊಂಡು ಹತ್ತು ಪೋಸ್ಟ್ ಬರೀತಿದೀನಿ. ಜಗಳಕ್ಕೇ ಬರೀತಿದೀನಿ. ಪೂರ್ತಿ ಓದಿ, ಆಮೇಲೆ ಕಾಮೆಂಟಲ್ಲಿ ಬೈರಿ.

2/10

ಮೊದಲು ಅಣ್ಣನ ಕತೆ. ನಮ್ಮ ದೊಡ್ಡಪ್ಪನ ಮಗ. ಅಮೆರಿಕದ ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ನಲ್ಲಿ ಐಟಿ ಕೆಲಸ. ಅದೇ ರಾಜ್ಯದಲ್ಲಿ ಸ್ಟಟ್‌ಗಾರ್ಟ್ ಅಂತ ಊರಿದೆ. ಸುತ್ತಮುತ್ತ ಭತ್ತದ ಗದ್ದೆ. ಕೊಯ್ಲಾದ ಮೇಲೆ ಗದ್ದೆಗೆ ನೀರು ನಿಲ್ಲಿಸ್ತಾರೆ. ಚಳಿಗಾಲಕ್ಕೆ ಉತ್ತರದಿಂದ ಬರೋ ಮಲ್ಲಾರ್ಡ್ ಬಾತುಗಳು ಅಲ್ಲಿ ಇಳೀತವೆ. ಬಾತಿನ ಹಾಗೆ ಕೂಗೋ ಸ್ಪರ್ಧೇನೇ ಆ ಊರಲ್ಲಿ 1936ರಿಂದ ನಡೀತಿದೆ ಅಂದ್ರೆ ಅವರ ಹುಚ್ಚು ಎಷ್ಟು ಅಂತ ಲೆಕ್ಕ ಹಾಕಿ.

ಅಣ್ಣ ಲೈಸನ್ಸ್ ಮಾಡಿಸಿದ, ಕೋರ್ಸ್ ಮುಗಿಸಿದ, ರೀಲ್‌ಗಳನ್ನ ನೋಡಿ 1,800 ಡಾಲರಿನ ಸೆಮಿ ಆಟೋ ತಗೊಂಡ. ಕಂಪನಿ ಹೆಸರು ಬೇಡ. ತಪ್ಪು ಕಂಪನಿದಲ್ಲ. ಒಂದೇ ಒಂದು ಮಧ್ಯಾಹ್ನ ಪ್ರಾಕ್ಟೀಸ್ ಮಾಡಿದ್ದ. ಕೋವಿಗೆ ಎಣ್ಣೆ ಸುರಿದು ಸುರಿದು ಇಟ್ಟಿದ್ದ. ಬೆಳಗಿನ ಜಾವ ನೀರು ಹೆಪ್ಪುಗಟ್ಟೋ ಚಳಿ, ಎಣ್ಣೆ ಒಳಗೆ ಗಟ್ಟಿ.

ಬಾತುಗಳು ದೂರದಲ್ಲೇ ತಿರುಗಿದ್ವು. ತಡೆಯೋಕಾಗದೆ ಹೊಡೆದ. ಒಂದರ ರೆಕ್ಕೆಗೆ ತಾಗಿ ಬಿತ್ತು. ಅದು ಈಜ್ಕೊಂಡು ಜೊಂಡಿನ ಕಡೆ ಹೋಗ್ತಿದೆ, ಇವನು ಎರಡನೇ ಗುಂಡು ಹಾಕಬೇಕು, ಕೋವಿ ಕಚ್ಕೊಂಡುಬಿಟ್ಟಿದೆ. ನಾಯಿ ಬಿಟ್ಟು ಒಂದು ಗಂಟೆ ಹುಡುಕಿದ್ರು. ಸಿಗಲಿಲ್ಲ.

ಜೊತೆಗಿದ್ದ ವಯಸ್ಸಾದ ಸಹೋದ್ಯೋಗಿ ಹತ್ರ ಇದ್ದದ್ದು ಹಳೇ ಪಂಪ್ ಕೋವಿ, ಬಣ್ಣ ಹೋಗಿ ಕಬ್ಬಿಣ ಕಾಣ್ತಿತ್ತಂತೆ. ಸೆಕೆಂಡ್ ಹ್ಯಾಂಡ್, 200 ಡಾಲರ್. ಆತ ಇಡೀ ಬೆಳಿಗ್ಗೆ ಹೊಡೆದದ್ದು ಎರಡು ಗುಂಡು, ಎರಡೂ ಹತ್ತಿರಕ್ಕೆ ಬಂದಾಗ. ಎರಡೂ ಬಾತು ಬಿದ್ದಲ್ಲೇ ಬಿದ್ವು. ಅಣ್ಣನ ಕೋವಿ ಬಗ್ಗೆ ಆತ ಒಂದು ಮಾತೂ ಆಡಲಿಲ್ಲವಂತೆ. ಕೇಳಿದ್ದು ಒಂದೇ: ‘ವರ್ಷಕ್ಕೆ ಎಷ್ಟು ಕ್ಲೇ ಹೊಡೀತೀಯ?’

ಆವತ್ತು ರಾತ್ರಿ ಅಣ್ಣ ಫೋನ್ ಮಾಡಿದ್ದ. ಅವನು ಹೇಳಿದ್ದು ಕೊಡವ ತಕ್ಕ್‌ನಲ್ಲಿ, ನಾನು ಕನ್ನಡಕ್ಕೆ ಹಾಕ್ತಿದೀನಿ: ‘ಅದು ಇನ್ನೂ ಅಲ್ಲೇ ಎಲ್ಲೋ ಜೊಂಡಲ್ಲಿ ಕೂತಿರುತ್ತೆ ಕಣೋ.’

ಈ ಮಾತು ಯಾವ ರೀಲಲ್ಲೂ ಬರಲ್ಲ.

3/10

ಈಗ ವಿಷಯಕ್ಕೆ ಬರೋಣ. ಬಾತು ಬೇಟೆಯಲ್ಲಿ ಕೋವಿ ಮಾಡಬೇಕಾದ ಕೆಲಸ ಏನು? ಇದನ್ನ ಕೇಳದೆ ‘ಬೆಸ್ಟ್ ಯಾವುದು’ ಅಂತ ಕೇಳೋದು, ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿಲ್ಲದೆ ಯಾವ ಬಸ್ಸು ಚೆನ್ನಾಗಿದೆ ಅಂತ ಕೇಳಿದ ಹಾಗೆ.

ಸೂರ್ಯ ಹುಟ್ಟೋಕೆ ಅರ್ಧ ಗಂಟೆ ಮೊದಲಿಂದ ಮುಳುಗೋವರೆಗೆ ಅಲ್ಲಿ ಹೊಡೆಯೋಕೆ ಅವಕಾಶ. ಅಂದ್ರೆ ಮುಖ್ಯ ಕೆಲಸ ಮಬ್ಬಿನಲ್ಲಿ. ಸೊಂಟದ ಮಟ್ಟ ನೀರು, ಕೆಸರು, ಮಂಜು. ಕೈಗೆ ದಪ್ಪ ಗ್ಲೌಸ್. ಕೋವಿ ನೀರಿಗೆ ಬೀಳುತ್ತೆ, ದೋಣಿ ಅಂಚಿಗೆ ಬಡಿಯುತ್ತೆ, ನಾಯಿ ಅದರ ಮೇಲೇ ಮೈ ಒದರುತ್ತೆ. ಇಷ್ಟಾದ ಮೇಲೂ ಟ್ರಿಗರ್ ಎಳೆದಾಗ ಗುಂಡು ಹೊರಡಬೇಕು, ಮುಂದಿನ ಗುಂಡು ಒಳಗೆ ಬರಬೇಕು. ‘ರಿಲಯಬಲ್’ ಅನ್ನೋ ಪದಕ್ಕೆ ಇಲ್ಲಿರೋ ಅರ್ಥ ಇಷ್ಟೇ.

ದೂರ? ಬಲ್ಲವರು ಸುಮಾರು 35 ಮೀಟರ್ ಆಚೆಗಿನ ಹಕ್ಕಿಗೆ ಹೊಡೆಯೋಕೆ ಹಿಂದೇಟು ಹಾಕ್ತಾರೆ. ಶಾಟ್‌ಗನ್ ಅಂದ್ರೆ ಒಂದು ಗುಂಡಲ್ಲ, ಹಿಡಿ ತುಂಬ ಕಾಳು. ದೂರ ಹೋದಷ್ಟೂ ಕಾಳು ಚದುರುತ್ತೆ, ಬಲ ಕಮ್ಮಿಯಾಗುತ್ತೆ. ಹತ್ತು ಕಾಳು ತಾಗಬೇಕಾದಲ್ಲಿ ಎರಡು ತಾಗಿದ್ರೆ ಹಕ್ಕಿ ಸಾಯಲ್ಲ, ಗಾಯ ಮಾಡ್ಕೊಂಡು ಹೋಗಿ ದಿನಗಟ್ಟಲೆ ನರಳುತ್ತೆ. ಇದಕ್ಕೆ 1,800 ಡಾಲರ್ ಕೋವಿ ಹತ್ರಾನೂ ಪರಿಹಾರ ಇಲ್ಲ. ಹತ್ತಿರ ಬರೋವರೆಗೆ ಕಾಯೋದೇ ಪರಿಹಾರ. ಕಾಯೋಕೆ ದುಡ್ಡು ಬೇಡ.

ಇನ್ನೊಂದು. ರೀಲಲ್ಲಿ ‘ಮ್ಯಾಗಝೀನ್ ಕೆಪಾಸಿಟಿ’ ಅಂತ ಹೊಗಳ್ತಾರಲ್ಲ, ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಾತು ಬೇಟೆಯಲ್ಲಿ ಕೋವಿಯೊಳಗೆ ಒಟ್ಟು 3 ಗುಂಡಿಗಿಂತ ಹೆಚ್ಚು ಹಿಡಿಯೋ ಹಾಗಿಲ್ಲ. ಹೆಚ್ಚು ಹಿಡಿಯೋ ಕೋವಿಯಾದ್ರೆ ಮ್ಯಾಗಝೀನ್ ಒಳಗೆ ಒಂದು ಕಡ್ಡಿ ಇಟ್ಟು ಜಾಗ ಮುಚ್ಚಬೇಕು. ಇದು 1935ರಿಂದ ಇರೋ ನಿಯಮ. ಎಷ್ಟು ದುಡ್ಡು ಕೊಟ್ರೂ ನಾಲ್ಕನೇ ಗುಂಡು ಸಿಗಲ್ಲ.

4/10

ಕೆಲಸ ಗೊತ್ತಾಯ್ತು. ಈಗ ಸಾಮಾನು.

ಪಂಪ್ ಕೋವಿ ಅಂದ್ರೆ: ನಳಿಗೆ ಕೆಳಗಿರೋ ಹಿಡಿಯನ್ನ ಹಿಂದಕ್ಕೆ ಎಳೆದ್ರೆ ಖಾಲಿ ಕಾರ್ಟ್ರಿಜ್ ಹೊರಗೆ, ಮುಂದಕ್ಕೆ ತಳ್ಳಿದ್ರೆ ಹೊಸದು ಒಳಗೆ. ಎಲ್ಲಾ ಕೆಲಸ ನಿನ್ನ ಕೈದು. ಸೆಮಿ ಆಟೋದಲ್ಲಿ ಅದೇ ಕೆಲಸ ಗುಂಡು ಸಿಡಿದಾಗ ಬರೋ ಗ್ಯಾಸ್ ಅಥವಾ ಹಿಮ್ಮೊಗ ಒದೆತದಿಂದ ತಾನೇ ಆಗುತ್ತೆ. ಮಣ್ಣು, ಮಸಿ, ಗಟ್ಟಿಯಾದ ಎಣ್ಣೆ ಇದ್ರೆ ‘ತಾನೇ ಆಗೋದು’ ನಿಲ್ಲುತ್ತೆ. ಪಂಪಲ್ಲಿ ಕೈ ಜೋರಾಗಿ ಎಳೆಯುತ್ತೆ, ಕೆಲಸ ಮುಂದುವರಿಯುತ್ತೆ.

ರೆಮಿಂಗ್ಟನ್ 870 ಮಾರುಕಟ್ಟೆಗೆ ಬಂದದ್ದು 1950ರ ಹೊತ್ತಿಗೆ. ಇವತ್ತಿನವರೆಗೆ 1 ಕೋಟಿಗೂ ಹೆಚ್ಚು ತಯಾರಾಗಿವೆ. ಮಾಸ್‌ಬರ್ಗ್ 500 ಬಂದದ್ದು 1960ರ ದಶಕದ ಶುರುವಲ್ಲಿ, ಅದೂ ಇನ್ನೂ ತಯಾರಾಗ್ತಿದೆ. ಮಾಸ್‌ಬರ್ಗ್‌ನವರದ್ದೇ ಕಮ್ಮಿ ಬೆಲೆ ಆವೃತ್ತಿ ಮಾವೆರಿಕ್ 88. ಅಂಗಡಿ ಬೆಲೆ ಸುಮಾರು 250 ಡಾಲರ್. ಮಾಸ್‌ಬರ್ಗ್ 500 ಸುಮಾರು 400 ರಿಂದ 500. ಇಟಲಿಯ ಬೆನೆಲ್ಲಿ ಸೂಪರ್ ಬ್ಲ್ಯಾಕ್ ಈಗಲ್ 3 ಥರದ್ದು 1,900ರ ಆಸುಪಾಸು.

870ರ ಮೈ ಸ್ಟೀಲ್, ಸ್ವಲ್ಪ ಭಾರ. ಮಾಸ್‌ಬರ್ಗ್ 500ರ ಮೈ ಅಲ್ಯೂಮಿನಿಯಂ, ಹಗುರ. ಅದರ ಸೇಫ್ಟಿ ಗುಂಡಿ ಹೆಬ್ಬೆರಳಿಗೆ ಸಿಗೋ ಹಾಗೆ ಮೇಲ್ಗಡೆ ಇದೆ, ಎಡಗೈಯವರಿಗೂ ಸಲೀಸು. ಮಾವೆರಿಕ್‌ನ ಸೇಫ್ಟಿ ಟ್ರಿಗರ್ ಹತ್ರ ಅಡ್ಡಕ್ಕೆ ಒತ್ತೋ ಥರದ್ದು. ನೂರಾರು ಡಾಲರ್ ವ್ಯತ್ಯಾಸದಲ್ಲಿ ನಿಮಗೆ ಸಿಗೋದು ಬಹುಪಾಲು ಇಂಥ ಅನುಕೂಲ, ಫಿನಿಶಿಂಗ್, ಕಾಮೋ ಬಣ್ಣ. ಬಾತಿಗೆ ನಿಮ್ಮ ಕೋವಿಯ ಬಣ್ಣ ನೋಡೋ ಪುರುಸೊತ್ತಿಲ್ಲ, ನಿಮ್ಮ ಬಿಳೀ ಮುಖ ಮೇಲೆತ್ತಿದ್ದು ಕಾಣುತ್ತೆ.

‘ಬ್ರಾಂಡ್ ನೋಡಿ ತಗೋಬೇಕು’ ಅನ್ನೋರಿಗೆ ಕಾಮರ್ಸ್ ಕ್ಲಾಸಿನ ಒಂದು ಸುದ್ದಿ: ಅಷ್ಟು ದೊಡ್ಡ ಹೆಸರಿದ್ದ ರೆಮಿಂಗ್ಟನ್ ಕಂಪನಿ 2018ರಲ್ಲಿ ಒಂದು ಸಲ, 2020ರಲ್ಲಿ ಮತ್ತೊಂದು ಸಲ ದಿವಾಳಿ ಅರ್ಜಿ ಹಾಕ್ತು. ಬ್ರಾಂಡ್ ಅನ್ನೋದು ಶಾಶ್ವತ ಗ್ಯಾರಂಟಿ ಕಾರ್ಡ್ ಅಲ್ಲ.

5/10

ಈ ಪೋಸ್ಟ್ ಬಿಕಾಂನವರಿಗೆ ಡೆಡಿಕೇಟ್. ಕ್ಯಾಲ್ಕುಲೇಟರ್ ತೆಗೀರಿ. ಬೆಲೆಗಳು ಸುಮಾರು ಲೆಕ್ಕ, ಡಾಲರಲ್ಲಿ.

ಅಣ್ಣನ ದಾರಿ:
ಕೋವಿ: 1,800
ಪ್ರಾಕ್ಟೀಸ್: ಒಂದು ಮಧ್ಯಾಹ್ನ

ನನ್ನ ದಾರಿ:
ಪಂಪ್ ಕೋವಿ: 300
ಕ್ಲೇ ಹೊಡೆಯೋಕೆ 40 ಪೆಟ್ಟಿಗೆ ಕಾರ್ಟ್ರಿಜ್, ಪೆಟ್ಟಿಗೆಗೆ 10ರಂತೆ: 400
40 ಸುತ್ತಿಗೆ ರೇಂಜ್ ಫೀ, ಸುತ್ತಿಗೆ 8ರಂತೆ: 320
ಬೇಟೆಗೆ ಸ್ಟೀಲ್ ಕಾರ್ಟ್ರಿಜ್ 4 ಪೆಟ್ಟಿಗೆ, 20ರಂತೆ: 80
ಎದೆಮಟ್ಟದ ರಬ್ಬರ್ ಪ್ಯಾಂಟು: 150
ಡಕ್ ಸ್ಟಾಂಪ್: 25
ಒಟ್ಟು: 1,275

ಪೆಟ್ಟಿಗೆಗೆ 25 ಕಾರ್ಟ್ರಿಜ್. ಅಂದ್ರೆ 1,000 ಸಲ ಹಾರೋ ಗುರಿಗೆ ಹೊಡೆದು ಕಲಿತ ಮೇಲೂ ಕೈಯಲ್ಲಿ 525 ಉಳೀತು. ಅದು 21 ವರ್ಷದ ಡಕ್ ಸ್ಟಾಂಪ್ ದುಡ್ಡು.

ಆಪರ್ಚುನಿಟಿ ಕಾಸ್ಟ್ ಅಂತ ಎರಡನೇ ಸೆಮಿಸ್ಟರಲ್ಲಿ ಬಾಯಿಪಾಠ ಮಾಡಿದ್ವಲ್ಲ, ಅದು ಇದೇ. ಕೋವಿಗೆ ಸುರಿದ ಹೆಚ್ಚಿನ ಪ್ರತಿ ನೂರು ಡಾಲರ್ ಅಂದ್ರೆ ಪ್ರಾಕ್ಟೀಸಿಂದ ಕಿತ್ಕೊಂಡ ನೂರು ಡಾಲರ್. ದುಡ್ಡು ಎಷ್ಟು ಬೇಕಾದ್ರೂ ಇರೋರಿಗೆ ಎರಡೂ ಆಗುತ್ತೆ, ಅವರ ವಿಷಯ ಬಿಡಿ. ರೀಲ್ ನೋಡೋ ನಮ್ಮಂಥ ಹುಡುಗರಿಗೆ ಎರಡೂ ಆಗಲ್ಲ.

ಇನ್ನು ರೀಲ್ ಮಾಡೋನ ಲೆಕ್ಕ. ಇಂಥ ಎಷ್ಟೋ ವಿಡಿಯೋಗಳ ಕೆಳಗೆ ಲಿಂಕ್ ಇರುತ್ತೆ, ನೀನು ಕ್ಲಿಕ್ ಮಾಡಿ ಕೊಂಡ್ರೆ ಅವನಿಗೆ ಕಮಿಷನ್. ಬೆಲೆಯ ಇಷ್ಟು ಪರ್ಸೆಂಟ್ ಅಂತ ಕಮಿಷನ್ ಬರೋ ವ್ಯಾಪಾರದಲ್ಲಿ, ‘ಪಕ್ಕದ ಮನೆಯವರ ಹಳೇ ಪಂಪ್ ಕೇಳಿ ತಗೋ’ ಅಂತ ಯಾರಾದ್ರೂ ಹೇಳ್ತಾರಾ? ಪಕ್ಕದ ಮನೆಯವರು ಕಮಿಷನ್ ಕೊಡಲ್ಲ.

6/10

ಬೋರ್, ಕಾರ್ಟ್ರಿಜ್, ಸೀಸ. ಹೆಚ್ಚು ಗೊಂದಲ ಇರೋದು ಇಲ್ಲೇ.

12 ಬೋರ್ ಅಂದ್ರೇನು? ಒಂದು ಪೌಂಡ್ ಸೀಸವನ್ನ 12 ಸಮ ಗೋಲಿ ಮಾಡಿದ್ರೆ, ಒಂದು ಗೋಲಿ ಎಷ್ಟು ದಪ್ಪವೋ ನಳಿಗೆಯ ಒಳಗಿನ ಅಗಲ ಅಷ್ಟು. 20 ಬೋರ್ ಅಂದ್ರೆ 20 ಗೋಲಿ, ಹಾಗಾಗಿ ನಳಿಗೆ ಸಣ್ಣದು. ನಂಬರ್ ದೊಡ್ಡದಾದಷ್ಟೂ ಬಾಯಿ ಚಿಕ್ಕದು. ಬಾತಿಗೆ 12 ಸಾಮಾನ್ಯ, ಕಾರ್ಟ್ರಿಜ್ ಎಲ್ಲಾ ಕಡೆ ಸಿಗುತ್ತೆ.

ಉದ್ದ: 2¾ ಇಂಚು, 3 ಇಂಚು, 3½ ಇಂಚು. ರೀಲಿನವರಿಗೆ 3½ ಅಂದ್ರೆ ಪ್ರಾಣ. ಕಾರ್ಟ್ರಿಜ್ ಬೆಲೆ ಹೆಚ್ಚು, ಒದೆ ಹೆಚ್ಚು. ಎರಡು ಸಲ ಹೆಗಲಿಗೆ ಒದೆ ಬಿದ್ದ ಮೇಲೆ ಮೂರನೇ ಸಲ ಟ್ರಿಗರ್ ಎಳೆಯೋಕೆ ಮೊದಲೇ ಕಣ್ಣು ಮುಚ್ಕೊಳ್ಳುತ್ತೆ, ಮೈ ಮುದುಡುತ್ತೆ. ಕಣ್ಣು ಮುಚ್ಚಿ ಹೊಡೆದದ್ದು ಎಲ್ಲಿ ತಾಗುತ್ತೆ? ರೆಕ್ಕೆಗೆ, ಕಾಲಿಗೆ. 35 ಮೀಟರ್ ಒಳಗಿನ ಬಾತಿಗೆ 3 ಇಂಚು ಸಾಕು.

ಸೀಸ: ಬಾತುಗಳು ಕೆಸರು ಜಾಲಾಡಿ ತಿನ್ನೋ ಹಕ್ಕಿ. ಕೆಳಗೆ ಬಿದ್ದ ಸೀಸದ ಕಾಳನ್ನ ಧಾನ್ಯ ಅಥವಾ ಹರಳು ಅಂತ ನುಂಗ್ತವೆ, ವಿಷವೇರಿ ಸಾಯ್ತವೆ. ಅದಕ್ಕೇ ಅಮೆರಿಕ 1991ರಿಂದ ಇಡೀ ದೇಶದಲ್ಲಿ ಬಾತು ಬೇಟೆಗೆ ಸೀಸ ನಿಷೇಧಿಸಿತು. ಈಗ ಹೆಚ್ಚಾಗಿ ಬಳಸೋದು ಸ್ಟೀಲ್ ಕಾಳು. ಸ್ಟೀಲ್ ಸೀಸಕ್ಕಿಂತ ಹಗುರ, ಬೇಗ ಬಲ ಕಳ್ಕೊಳ್ಳುತ್ತೆ. ಅದಕ್ಕೆ ಎರಡು ಸೈಜ್ ದೊಡ್ಡ ಕಾಳು ತಗೋತಾರೆ: ಸೀಸದಲ್ಲಿ 4ನೇ ನಂಬರ್ ಇದ್ದಲ್ಲಿ ಸ್ಟೀಲಲ್ಲಿ 2ನೇ ನಂಬರ್.

ಸ್ಟೀಲ್ ಗಟ್ಟಿ. ನಳಿಗೆಯ ತುದಿ ತೀರಾ ಬಿಗಿಯಾಗಿದ್ರೆ, ಅಂದ್ರೆ ಫುಲ್ ಚೋಕ್ ಇದ್ರೆ, ಅಪಾಯ ಆಗಬಹುದು. ಮಾಡಿಫೈಡ್ ಅಥವಾ ಅದಕ್ಕಿಂತ ಸಡಿಲ ಚೋಕ್ ಹಾಕ್ತಾರೆ. ಹಳೇ ಕಾಲದ ತೆಳು ನಳಿಗೆಯ ಜೋಡಿನಳಿಗೆ ಕೋವಿಗೆ ಸ್ಟೀಲ್ ಹಾಕಲೇಬಾರದು. ‘ಹಳೇದು ಅಗ್ಗಕ್ಕೆ ಸಿಗ್ತು’ ಅಂತ ಕುಣಿಯೋಕೆ ಮೊದಲು ಇದು ನೆನಪಿರಲಿ. ಅಗ್ಗ ಅನ್ನೋದಕ್ಕೂ ಲೆಕ್ಕ ಇದೆ.

7/10

ಯಾರೂ ರೀಲ್ ಮಾಡದ ವಿಷಯ: ಕೋವಿ ಮೈಗೆ ಹೊಂದಬೇಕು.

ಹಾರೋ ಹಕ್ಕಿಗೆ ರೈಫಲ್ ಥರ ಗುರಿ ಹಿಡಿದು ಕೂರೋಕಾಗಲ್ಲ. ಕೋವಿ ಹೆಗಲಿಗೆ ಬಂದ ಕೂಡಲೇ ಕಣ್ಣು ನಳಿಗೆಯ ನೇರಕ್ಕೆ ಇರಬೇಕು. ಹಿಂದಿನ ಮರದ ಭಾಗ ಉದ್ದ ಹೆಚ್ಚಾದ್ರೆ ಕಂಕುಳಿಗೆ ಸಿಕ್ಕಿಹಾಕ್ಕೊಳ್ಳುತ್ತೆ, ಕಮ್ಮಿಯಾದ್ರೆ ಹೆಬ್ಬೆರಳು ಮೂಗಿಗೆ ಗುದ್ದುತ್ತೆ. ಅಂಗಡಿಯಲ್ಲಿ ಪರೀಕ್ಷೆ ಸುಲಭ. ಖಾಲಿ ಅಂತ ಖಾತ್ರಿ ಮಾಡ್ಕೊಂಡು, ಅಂಗಡಿಯವರನ್ನ ಕೇಳಿ, ಕಣ್ಣು ಮುಚ್ಚಿ ಕೋವಿ ಹೆಗಲಿಗೆ ತಗೊಂಡು ಕೆನ್ನೆ ಇಡಿ. ಕಣ್ಣು ತೆಗೀರಿ. ನಳಿಗೆಯ ಮೇಲಿನ ಪಟ್ಟಿ ನೇರಕ್ಕೆ ಕಂಡ್ರೆ ಅದು ನಿಮ್ಮ ಕೋವಿ. ಚಳಿಗೆ ದಪ್ಪ ಜಾಕೆಟ್ ಹಾಕ್ಕೊಂಡೇ ನೋಡಬೇಕು, ಯಾಕಂದ್ರೆ ಬೇಟೆಗೆ ಟೀಶರ್ಟಲ್ಲಿ ಹೋಗಲ್ಲ. 1,800 ಡಾಲರ್ ಕೋವಿ ಹೊಂದದೆ 300ರದ್ದು ಹೊಂದಿದ್ರೆ, 300ರದ್ದೇ ಒಳ್ಳೇ ಕೋವಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ನೋಡೋದು:
• ಮೊದಲು ಖಾಲಿ ಇದೆಯಾ. ಯಾರೇ ‘ಖಾಲಿ’ ಅಂದ್ರೂ ನೀವೇ ನೋಡಬೇಕು.
• ಬೆಳಕಿಗೆ ಹಿಡಿದು ನಳಿಗೆ ಒಳಗೆ ನೋಡಿ. ತುಕ್ಕಿನ ಗುಳಿ, ಉಬ್ಬು, ಹೊರಗೆ ತಗ್ಗು ಇದ್ರೆ ಬಿಡಿ.
• ಪಂಪನ್ನ ಹಿಂದೆ ಮುಂದೆ ಎಳೀರಿ. ಎಲ್ಲೂ ಕಚ್ಚಬಾರದು. ಸ್ವಲ್ಪ ಲಟಲಟ ಅಂದ್ರೆ ಪರವಾಗಿಲ್ಲ, ಪಂಪ್ ಅಂದ್ರೆ ಹಾಗೇ.
• ಚೋಕ್ ಬಿಚ್ಚೋಕೆ ಬರುತ್ತಾ? ತುಕ್ಕು ಹಿಡಿದು ಕೂತಿದ್ರೆ ಬೇಡ.
• ಸೇಫ್ಟಿ ಕೆಲಸ ಮಾಡುತ್ತಾ.
• ಮರ ಒಡೆದಿದೆಯಾ, ಟೇಪ್ ಸುತ್ತಿದ್ದಾರಾ.
• ಆ ಮಾಡಲ್‌ಗೆ ಬಿಡಿಭಾಗ ಸಿಗುತ್ತಾ. 870, ಮಾಸ್‌ಬರ್ಗ್ 500 ಗೆಲ್ಲೋದು ಇಲ್ಲೇ. ನಮ್ಮೂರಲ್ಲಿ ಹಳೇ ಸ್ಪ್ಲೆಂಡರ್‌ಗೆ ಎಲ್ಲಾ ಗ್ಯಾರೇಜಲ್ಲೂ ಸ್ಪೇರ್ ಸಿಗೋ ಹಾಗೆ.

ಒಂದು ಸೀಸನ್ ಮುಗಿದ ಮೇಲೆ ಬಿಚ್ಚಿ, ಒರೆಸಿ, ತೆಳ್ಳಗೆ ಎಣ್ಣೆ. ಸುರಿಯೋದಲ್ಲ. ತೆಳ್ಳಗೆ. ಅಣ್ಣನ ಕೇಳಿ.

8/10

ಡ್ರಾಫ್ಟ್ ಹಾಕಿದ್ದಾಗಲೇ ಕ್ಲೋಸ್ ಫ್ರೆಂಡ್ಸ್ ಕಡೆಯಿಂದ ಬಂದ ಪ್ರಶ್ನೆಗಳು. ಉತ್ತರ ಕೊಡದೆ ಓಡಿಹೋಗಲ್ಲ.

‘ಸೆಮಿ ಆಟೋದಲ್ಲಿ ಒದೆ ಕಮ್ಮಿ ಅಲ್ವಾ?’
ಗ್ಯಾಸ್ ಥರದ್ದರಲ್ಲಿ ಹೌದು. ಹೆಗಲು ನೋವಿರೋರು, ಸಣ್ಣ ಮೈಯವರು ಅದನ್ನ ನೋಡೋದ್ರಲ್ಲಿ ಅರ್ಥ ಇದೆ. ಇಲ್ಲಾಂದ್ರೆ 20 ಬೋರ್ ಪಂಪ್ ತಗೊಂಡು ಇನ್ನೂ ಹತ್ತಿರ ಬರೋವರೆಗೆ ಕಾಯಬಹುದು. 1,900ಕ್ಕೇ ಹೋಗ್ಬೇಕು ಅಂತಿಲ್ಲ, ಅರ್ಧ ಬೆಲೆಗೂ ಒಳ್ಳೇ ಸೆಮಿ ಆಟೋ ಇವೆ. ದೇಹಕ್ಕೆ ಬೇಕು ಅಂತ ತಗೊಳ್ಳೋದು ಬೇರೆ, ಫೋಟೋಗೆ ಬೇಕು ಅಂತ ತಗೊಳ್ಳೋದು ಬೇರೆ.

‘ಗಾಬರಿಯಲ್ಲಿ ಪಂಪ್ ಪೂರ್ತಿ ಎಳೆಯದೆ ಕಚ್ಕೊಳ್ಳುತ್ತಲ್ಲ?’
ನಿಜ. ಹೊಸಬರಿಗೆ ಆಗುತ್ತೆ. ಸಾವಿರ ಕ್ಲೇ ಹೊಡೆದವರಿಗೆ ತೀರಾ ಕಮ್ಮಿ. ಮತ್ತೆ ಅದೇ ಮಾತು: ದುಡ್ಡು ಪ್ರಾಕ್ಟೀಸಿಗೆ.

‘ಹಾಗಾದ್ರೆ ಅಗ್ಗದ್ದೆಲ್ಲಾ ಒಳ್ಳೇದಾ?’
ನಾನು ಹಾಗಂದಿಲ್ಲ. ಹೆಸರೇ ಕೇಳದ, ಬಿಡಿಭಾಗ ಸಿಗದ ಅಗ್ಗದ ಕೋವಿಗಿಂತ ಹತ್ತು ವರ್ಷ ಹಳೇ 870 ಮೇಲು. ಅಗ್ಗ ಅಂದ್ರೆ ಪರೀಕ್ಷೆಗೆ ನಿಂತ ಅಗ್ಗ.

‘ದುಬಾರಿ ಕೋವಿ ಚೆನ್ನಾಗಿರಲ್ವಾ?’
ಚೆನ್ನಾಗಿರುತ್ತೆ. ಸರಿಯಾಗಿ ನೋಡ್ಕೊಂಡ್ರೆ ಮಳೆಯಲ್ಲೂ ಗಡಿಯಾರದ ಹಾಗೆ ನಡೆಯುತ್ತೆ. ಆದ್ರೆ ಅದು ನಿನ್ನ ಗುರಿ ಸರಿ ಮಾಡಲ್ಲ, ನಿನಗೆ ತಾಳ್ಮೆ ಕೊಡಲ್ಲ. ದುಬಾರಿ ಕೋವಿ ಕೈಗೆ ಬಂದಾಗ ‘ದೂರದ್ದಕ್ಕೂ ತಾಗುತ್ತೆ’ ಅನ್ನೋ ಧೈರ್ಯ ಬರುತ್ತಲ್ಲ, ನನಗೆ ಭಯ ಇರೋದು ಆ ಧೈರ್ಯದ ಮೇಲೆ. ಅಣ್ಣನಿಗೂ ಬಂದದ್ದು ಅದೇ.

‘ಏನಪ್ಪಾ, ನೀನು ಬೇಟೆ ಪರವಾ, ವಿರುದ್ಧವಾ?’
ಪಂದಿ ಕರಿ ತಿನ್ನೋ ಬಾಯಲ್ಲಿ ಅಹಿಂಸೆ ಭಾಷಣ ಮಾಡಲ್ಲ. ತಿನ್ನೋಕೆ ಕೊಲ್ಲೋನು ಬೇಗ, ಒಂದೇ ಸಲಕ್ಕೆ, ಲೆಕ್ಕ ಇಟ್ಟು ಕೊಲ್ಲಬೇಕು. ಅದು ಗೊತ್ತಿಲ್ಲದವನು ಕೋವಿ ಮುಟ್ಟಬಾರದು, ಬೆಲೆ ಎಷ್ಟೇ ಇರಲಿ.

9/10

ಈಗ ಆ ಮೂರನೇ ಮೆಸೇಜಿಗೆ ಬರೋಣ. ‘ನಿಮ್ಮನೇಲೇ ಇದೆಯಲ್ಲ ಕೋವಿ.’

ಹೌದು, ಇದೆ. ಕೊಡವರಿಗೂ ಜಮ್ಮಾ ಭೂಮಿ ಇರೋರಿಗೂ ಬ್ರಿಟಿಷರ ಕಾಲದಿಂದ ಕೋವಿ ಲೈಸನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ನಮ್ಮಲ್ಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು. ಕೈಲ್‌ಪೊಳ್ದ್‌ಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ ಹೊಡೆಯೋ ಸ್ಪರ್ಧೆ. ಕೋವಿ ಇಟ್ಕೊಳ್ಳೋಕೆ ವಿನಾಯಿತಿ ಇದೆ. ಬೇಟೆಗೆ ಇಲ್ಲ.

1972ರ ವನ್ಯಜೀವಿ ಕಾಯ್ದೆ ಬಂದಾಗ ಲೈಸನ್ಸ್ ಪಡೆದು ಬೇಟೆಯಾಡೋ ದಾರಿ ಇನ್ನೂ ಒಂದಿಷ್ಟು ತೆರೆದಿತ್ತು. 1991ರ ತಿದ್ದುಪಡಿ ಅದನ್ನ ಮುಚ್ಚಿತು. ಅಮೆರಿಕ ಬಾತು ಬೇಟೆಯಿಂದ ಸೀಸ ತೆಗೆದ ವರ್ಷವೇ ನಾವು ಬೇಟೆಯನ್ನೇ ತೆಗೆದ್ವಿ. ಕೆರೆಯ ಕಾಡುಬಾತಿಗೆ ಗುಂಡು ಹೊಡೆದ್ರೆ ಜೈಲು. ‘ನಮ್ಮ ಸಂಪ್ರದಾಯ’ ಅಂತ ಅಲ್ಲಿ ಹೇಳಿದ್ರೆ ಯಾರೂ ಕೇಳಲ್ಲ, ಕೇಳಬಾರದು ಕೂಡ. ಅಂಥ ಒಬ್ಬನಿಂದ ಇಡೀ ಕೊಡಗಿನ ವಿನಾಯಿತಿಗೇ ಕೆಟ್ಟ ಹೆಸರು.

ಕಾನೂನು ಬಿಡಿ, ಇತಿಹಾಸ ನೋಡಿ. ರಾಜಸ್ಥಾನದ ಭರತ್‌ಪುರದಲ್ಲಿ 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿಥ್‌ಗೋಗಾಗಿ ಬಾತು ಬೇಟೆ ಏರ್ಪಾಡಾಗಿತ್ತು. ಒಂದೇ ದಿನ 4,273 ಹಕ್ಕಿ. ಕಲ್ಲಿನ ಮೇಲೆ ಕೆತ್ತಿಸಿದ್ದಾರೆ, ಕಿಯೋಲಾದೇವ್ ಉದ್ಯಾನಕ್ಕೆ ಹೋದ್ರೆ ಇವತ್ತೂ ಓದಬಹುದು. ವೈಸ್‌ರಾಯ್ ಬಳಗದವರ ಕೈಯಲ್ಲಿ ಕಳಪೆ ಕೋವಿ ಇತ್ತು ಅಂತ ಯಾರೂ ಹೇಳಲ್ಲ. ಕೊರತೆ ಇದ್ದದ್ದು ‘ಇಲ್ಲಿಗೆ ಸಾಕು’ ಅನ್ನೋ ನಿಯಮದ್ದು. ಆ ನಿಯಮ ಇಲ್ಲದ ಕಡೆ ಕೋವಿ ಎಷ್ಟು ರಿಲಯಬಲ್ ಆಗಿರುತ್ತೋ ಅಷ್ಟೂ ಅನ್ಯಾಯ.

ಅಣ್ಣ ಇರೋ ಕಡೆ ದಿನಕ್ಕೆ 6 ಬಾತಿನ ಮಿತಿ ಇದೆ, ಸೀಸನ್ ಇದೆ, ಮೂರು ಗುಂಡಿನ ನಿಯಮ ಇದೆ, ತಪಾಸಣೆಗೆ ಬರೋ ಅಧಿಕಾರಿ ಇದ್ದಾನೆ. ಅಷ್ಟೆಲ್ಲಾ ಇದ್ದೂ ಒಂದು ಹಕ್ಕಿ ಜೊಂಡಲ್ಲಿ ಉಳೀತು. ನಿಯಮವೇ ಇಲ್ಲದೆ, ಪ್ರಾಕ್ಟೀಸೂ ಇಲ್ಲದೆ, ರೀಲ್ ಮಾಡೋಕೆ ಅಂತ ಕೆರೆಗೆ ಹೋಗೋಣ ಅಂತೀಯಲ್ಲ, ಎಷ್ಟು ಹಕ್ಕಿ ಜೊಂಡಲ್ಲಿ ಉಳಿಯುತ್ತೆ ಹೇಳು?

10/10

ಕೊನೇ ಪೋಸ್ಟ್.

25 ಡಾಲರಿನ ಡಕ್ ಸ್ಟಾಂಪ್ ಅಂದಿದ್ದೆನಲ್ಲ, ಅದರ ಕತೆ ಹೇಳಲೇಬೇಕು. 1934ರಲ್ಲಿ ಶುರುವಾದದ್ದು. 16 ದಾಟಿದ ಪ್ರತಿ ಬಾತು ಬೇಟೆಗಾರ ವರ್ಷಕ್ಕೊಂದು ಕೊಳ್ಳಲೇಬೇಕು. ಮೊದಲ ಸ್ಟಾಂಪಿನ ಚಿತ್ರ ಬರೆದದ್ದು ಜೇ ಡಾರ್ಲಿಂಗ್ ಅನ್ನೋ ಪತ್ರಿಕೆ ವ್ಯಂಗ್ಯಚಿತ್ರಕಾರ. ಅದರಿಂದ ಬರೋ ಪ್ರತಿ ಡಾಲರಲ್ಲಿ 98 ಸೆಂಟ್ ಜೌಗು ನೆಲ ಕೊಳ್ಳೋಕೆ, ಉಳಿಸೋಕೆ ಹೋಗುತ್ತೆ. ಜೊತೆಗೆ 1937ರ ಕಾಯ್ದೆ ಪ್ರಕಾರ ಬೇಟೆ ಕೋವಿ, ಕಾರ್ಟ್ರಿಜ್ ಮೇಲಿನ 11% ತೆರಿಗೆಯೂ ವನ್ಯಜೀವಿಗಳಿಗೇ. ಆ ವ್ಯವಸ್ಥೆಯಲ್ಲೂ ದೋಷ ಹುಡುಕಬಹುದು. ಆದ್ರೆ ಅಲ್ಲಿ ಬೇಟೆಗಾರ ಹಕ್ಕಿಗೆ ಬಾಡಿಗೆ ಕಟ್ತಾನೆ. ಟಾಪ್ 5 ರೀಲಲ್ಲಿ ಸ್ಟಾಂಪ್ ತೋರಿಸಿದ್ದನ್ನ ನಾನಂತೂ ನೋಡಿಲ್ಲ.

ಹಾಗಾಗಿ ಅಲ್ಲಿರೋ ನಮ್ಮೋರಿಗೆ ನನ್ನ ಉತ್ತರ: ಪರೀಕ್ಷೆಗೆ ನಿಂತ 12 ಬೋರ್ ಪಂಪ್, 3 ಇಂಚು, ಮಾಡಿಫೈಡ್ ಚೋಕ್, ಮೈಗೆ ಹೊಂದೋದು, ಸೆಕೆಂಡ್ ಹ್ಯಾಂಡ್ ಆದ್ರೂ ಸರಿ. ಉಳಿದ ದುಡ್ಡು ಕ್ಲೇಗೆ. ಅಣ್ಣ ಈಗ ಹಾಗೇ ಮಾಡಿದಾನೆ. ಸೆಮಿ ಆಟೋ ಮಾರಿದ. ನಷ್ಟಕ್ಕೇ ಮಾರಿದ. ಪ್ರತಿ ಶನಿವಾರ ಕ್ಲೇ ಹೊಡೀತಾನೆ. ಹೋದ ಚಳಿಗಾಲ ಒಂದು ಬೆಳಿಗ್ಗೆ ಒಂದೂ ಗುಂಡು ಹೊಡೆಯದೆ ವಾಪಸ್ ಬಂದೆ, ಯಾವುದೂ ಹತ್ತಿರ ಬರಲಿಲ್ಲ ಅಂದ. ಅದನ್ನ ಹೇಳುವಾಗ ಅವನ ದನಿಯಲ್ಲಿ ಬೇಜಾರು ಇರಲಿಲ್ಲ.

ಇಲ್ಲಿರೋ ನಮಗೆ: ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಹಕ್ಕಿ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರ್ತು. ಪ್ರತಿ ಜನವರಿ ಏಷ್ಯಾ ಮಟ್ಟದ ನೀರುಹಕ್ಕಿ ಗಣತಿ ನಡೆಯುತ್ತೆ, ಕೆರೆಕೆರೆಗೆ ಹೋಗಿ ಎಣಿಸೋಕೆ ಜನ ಬೇಕು. ಎಣಿಸೋದು ನಮ್ಮ ಸಬ್ಜೆಕ್ಟೇ ಅಲ್ವಾ?

ಗ್ರೂಪಲ್ಲಿ ಕೇಳಿದವನಿಗೆ ಇಲ್ಲೇ ಉತ್ತರ. ಡಿಸೆಂಬರಲ್ಲಿ ಕೆರೆಗೆ ಹೋಗೋಣ. ಬೆಳಿಗ್ಗೆ ಬೇಗ ಏಳಬೇಕು, ಬೈನಾಕ್ಯುಲರ್ ನಾನು ತರ್ತೀನಿ, ಪೆಟ್ರೋಲ್ ನಿಂದು. ಕೋವಿ ಮನೇಲಿರಲಿ.

#ಕೋವಿ #ಕೊಡಗು #ಬಾತುಕೋಳಿ #ಲೆಕ್ಕಹಾಕಿಮಾತಾಡಿ #ಬಿಕಾಂಹುಡುಗ